ಹಿಡಿ ಎಂಬ ಎರಡಕ್ಷರ

‘1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ’ ಎಂಬ ವಾಕ್ಯವನ್ನು ಚರಿತ್ರೆಯ ಪಾಠದಲ್ಲಿ ಓದುವ ಮಲೆನಾಡಿನ ಹುಡುಗ ಅದರ ಅರ್ಥ ಕೇಳಲು ಮೇಷ್ಟರ ಬಳಿ ಹೋಗುವುದಿಲ್ಲ. ಅವನು ಮನೆಗೆ ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮೂಲೆಯಲ್ಲಿಟ್ಟ ಕತ್ತಿಗೆ ತುಕ್ಕು ಹಿಡಿದಿರುತ್ತದೆ. ತಂಗಿ ಹಟ ಹಿಡಿದು ಕೂತಿರುತ್ತಾಳೆ. ಬಚ್ಚಲಿನ ಹಂಡೆ ಎಂಟು ಕೊಡ ನೀರು ಹಿಡಿಯುತ್ತದೆ, ಪೇಟೆಗೆ ಹೋಗಿ ಬರಲು ಅರ್ಧ ದಿನ ಹಿಡಿಯುತ್ತದೆ, ಅಕ್ಕನನ್ನು ನೋಡಿ ಹೋದವರಿಗೆ ಹುಡುಗಿ ಹಿಡಿಸಿದ್ದಾಳೋ ಇಲ್ಲವೋ ಎಂಬ ಚಿಂತೆ ಅಮ್ಮನಿಗೆ. ಹೈದರಾಲಿ ಕೋಟೆಯನ್ನು ಹಿಡಿದದ್ದಕ್ಕೂ ಹಂಡೆ ನೀರನ್ನು ಹಿಡಿದದ್ದಕ್ಕೂ ಏನು ಸಂಬಂಧ? ಕನ್ನಡವನ್ನು ತಾಯಿಯಿಂದ ಕಲಿತವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಪುಸ್ತಕದಿಂದ ಕಲಿಯುವವರು ಇಲ್ಲಿಯೇ ಎಡವಿ ಬೀಳುತ್ತಾರೆ.

ಇದು ಕನ್ನಡಕ್ಕೆ ಮಾತ್ರ ಅಂಟಿದ ಕಷ್ಟವಲ್ಲ. ಇಂಗ್ಲಿಷಿನಲ್ಲಿ ‘ಹೋಲ್ಡ್’ ಎಂಬ ಕ್ರಿಯಾಪದವಿದೆ. ಅದನ್ನು ಕಲಿಯಲು ಹೊರಟ ಸ್ಪಾನಿಷ್ ಭಾಷಿಕನ ಪಾಡು ನೋಡಿ. ಕೈಯಲ್ಲಿ ಹಿಡಿಯುವುದಕ್ಕೆ ಅವನ ಭಾಷೆಯಲ್ಲಿ ‘ಸೋಸ್ತೆನೆರ್’ ಎಂಬ ಮಾತಿದೆ, ತನ್ನದಾಗಿ ಹೊಂದಿರುವುದಕ್ಕೆ ‘ತೆನೆರ್’, ಪಾತ್ರೆಯೊಳಗೆ ಹಿಡಿಸುವುದಕ್ಕೆ ‘ಕಾಬೆರ್’. ಸಭೆ ನಡೆಸುವುದಕ್ಕೆ ‘ಸೆಲೆಬ್ರಾರ್’ ಎನ್ನಬೇಕು. ಇಂಗ್ಲಿಷಿನವನು ಇಷ್ಟಕ್ಕೂ ‘ಹೋಲ್ಡ್’ ಎಂದೇ ಹೇಳಿ, ಫೋನಿನಲ್ಲಿ ‘ಸ್ವಲ್ಪ ತಾಳಿ’ ಎನ್ನಲೂ ಅದನ್ನೇ ಬಳಸುತ್ತಾನೆ. ಕನ್ನಡಿಗನಿಗೆ ಈ ಪಟ್ಟಿ ಅರ್ಧ ಪರಿಚಿತ, ಅರ್ಧ ಅಪರಿಚಿತ. ಕೈಯೂ ಹಂಡೆಯೂ ನಮ್ಮಲ್ಲಿ ಹಿಡಿಯುತ್ತವೆ. ಆದರೆ ಸಭೆಯನ್ನು ಯಾರೂ ಹಿಡಿಯುವುದಿಲ್ಲ.

ಸ್ಪೇನಿನ ಹೆಸರು ಬಂದದ್ದರಿಂದ ಒಂದು ಮಾತು. ಇಕ್ಕೇರಿಯ ಅರಸರ ಬಳಿಗೆ ಬಂದ ಪೋರ್ಚುಗೀಸ್ ರಾಯಭಾರಿಗಳು ಕೆಲಕಾಲ ಸ್ಪೇನಿನ ದೊರೆಯ ಪ್ರಜೆಗಳೇ ಆಗಿದ್ದರು. 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ಅರಸರ ತಲೆಯ ಮೇಲಿತ್ತು. ಈ ಅವಧಿಯಲ್ಲಿಯೇ, 1623ರಲ್ಲಿ, ಗೋವೆಯಿಂದ ಹೊರಟ ರಾಯಭಾರಿಯ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೋ ಡೆಲ್ಲಾ ವಲ್ಲೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಪರ್ಷಿಯನ್, ತುರ್ಕಿ ಭಾಷೆಗಳನ್ನೆಲ್ಲ ಬಲ್ಲ ಈತನಿಗೆ ಕನ್ನಡ ಗೊತ್ತಿರಲಿಲ್ಲ. ದಾರಿಯ ಗುಡಿಯೊಂದರ ಜಗುಲಿಯಲ್ಲಿ ಕೆಲವು ಹುಡುಗರು ಮಗ್ಗಿಯನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದುದನ್ನು ಅವನು ಬೆರಗಿನಿಂದ ದಾಖಲಿಸಿದ್ದಾನೆ. ನೆಲ ತುಂಬಿದರೆ ಹೊಸ ಮರಳು ಉದುರಿಸಿ ಮತ್ತೆ ಬರೆಯುವುದು. ಹೇಳುವುದು, ಬರೆಯುವುದು, ಅಳಿಸುವುದು. ಮಾತು ಕಲಿಯುವ ದಾರಿಯೂ ಬಹುಮಟ್ಟಿಗೆ ಇದೇ ಅಲ್ಲವೇ?

ಕೆಳದಿ ಅರಸರ ಕಾಲದ ಗುರುತುಗಳು ಮೂರು ತಾಲ್ಲೂಕುಗಳಲ್ಲಿ ಚದುರಿವೆ. ಸಾಗರದಲ್ಲಿ ಕೆಳದಿ ಮತ್ತು ಇಕ್ಕೇರಿ, ಹೊಸನಗರದಲ್ಲಿ ಬಿದನೂರು ಅಂದರೆ ಇಂದಿನ ನಗರ, ತೀರ್ಥಹಳ್ಳಿಯಲ್ಲಿ ಕವಲೇದುರ್ಗ. ಭುವನಗಿರಿ ಎಂಬ ಹೆಸರೂ ಇದ್ದ ಈ ದುರ್ಗ ವೆಂಕಟಪ್ಪ ನಾಯಕನ ಕಾಲದಲ್ಲಿ ಬಲಗೊಂಡಿತೆಂದು ಹೇಳುತ್ತಾರೆ. ಒಂದರೊಳಗೊಂದು ಏರುವ ಕಲ್ಲಿನ ಗೋಡೆಗಳು, ಕೊಳಗಳು, ಕಾಶಿ ವಿಶ್ವನಾಥನ ಗುಡಿ, ಅರಮನೆಯ ಅಡಿಪಾಯ ಇಂದಿಗೂ ಅಲ್ಲಿವೆ. ಕಾಶಿ ವಿಶ್ವನಾಥನ ಹೆಸರು ಇಲ್ಲಿ ಅಕಸ್ಮಾತ್ತಾಗಿ ಬಂದದ್ದೇನಲ್ಲ. ಕೆಳದಿ ಅರಸರಿಗೆ ಕಾಶಿಯ ನಂಟು ಗಾಢವಾಗಿತ್ತು. ಕ್ರಿಯಾಪದದ ಅರ್ಥವನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಬಹುಸೂಕ್ಷ್ಮವಾದ ಚರ್ಚೆಯೊಂದು ಈ ಆಸ್ಥಾನದ ಬಳಿ ಸುಳಿದುಹೋದದ್ದೂ ಆ ನಂಟಿನಿಂದಲೇ.

ಕಾಶಿಯ ವೈಯಾಕರಣ ಭಟ್ಟೋಜಿ ದೀಕ್ಷಿತನ ಹೆಸರು ‘ಸಿದ್ಧಾಂತಕೌಮುದಿ’ಯಿಂದ ಪ್ರಸಿದ್ಧ. ಅವನು ‘ತತ್ತ್ವಕೌಸ್ತುಭ’ ಎಂಬ ವೇದಾಂತ ಗ್ರಂಥವನ್ನು ರಚಿಸಿದ್ದು ಕೆಳದಿಯ ವೆಂಕಟಪ್ಪನ ಅಪ್ಪಣೆಯಂತೆ. ಅವನ ತಮ್ಮ ರಂಗೋಜಿಭಟ್ಟನಿಗೂ ಈ ಆಸ್ಥಾನದ ಸಂಬಂಧವಿತ್ತು. ರಂಗೋಜಿಯ ಮಗ ಕೌಂಡಭಟ್ಟ ತನ್ನ ದೊಡ್ಡಪ್ಪನ ಕಾರಿಕೆಗಳಿಗೆ ವಿವರಣೆಯಾಗಿ ‘ವೈಯಾಕರಣಭೂಷಣ’ವನ್ನು ಬರೆದ. ಅದರ ಮೊದಲ ವಿಚಾರವೇ ಧಾತುವಿನ ಅರ್ಥನಿರ್ಣಯ.

ಆ ಚರ್ಚೆಯ ತಿರುಳನ್ನು ಒಲೆಯ ಮುಂದೆ ಕೂತು ಹೇಳಬಹುದು. ‘ಅಡುತ್ತಾಳೆ’ ಎಂದಾಗ ಏನು ತಿಳಿಯುತ್ತದೆ? ಒಲೆ ಹೊತ್ತಿಸುವುದು, ಪಾತ್ರೆ ಇಡುವುದು, ಊದುವುದು ಇತ್ಯಾದಿ ಕೆಲಸಗಳು ಒಂದು ಕಡೆ. ಅಕ್ಕಿ ಬೆಂದು ಮೆತ್ತಗಾಗುವುದು ಇನ್ನೊಂದು ಕಡೆ. ಮೊದಲನೆಯದು ವ್ಯಾಪಾರ, ಎರಡನೆಯದು ಫಲ. ಧಾತು ಎರಡನ್ನೂ ಹೇಳುತ್ತದೆ ಎಂಬುದು ವೈಯಾಕರಣರ ಪಕ್ಷ. ವ್ಯಾಪಾರವಿರುವುದು ಕರ್ತೃವಿನಲ್ಲಿ, ಫಲವಿರುವುದು ಕರ್ಮದಲ್ಲಿ. ವಾಕ್ಯದ ಅರ್ಥದಲ್ಲಿ ಪ್ರಧಾನವಾದದ್ದು ವ್ಯಾಪಾರ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ವಾಕ್ಯದಲ್ಲಿ ಪ್ರಧಾನವಾದದ್ದು ಪ್ರಥಮಾ ವಿಭಕ್ತಿಯ ನಾಮಪದ ಎಂದರು. ಮೀಮಾಂಸಕರ ದಾರಿ ಮತ್ತೊಂದು. ಈ ವಾದ ಶತಮಾನಗಳ ಕಾಲ ಬೆಳೆಯಿತು. ಇದು ಬರಿಯ ಪಂಡಿತರ ಕಾಲಹರಣ ಎಂದು ತಳ್ಳಿಹಾಕುವುದು ಸುಲಭ. ಆದರೆ ಕೆಲಸ ಯಾರಲ್ಲಿದೆ, ಫಲ ಯಾರಲ್ಲಿದೆ ಎಂಬ ಪ್ರಶ್ನೆ ಇದೇ ಸೀಮೆಯ ಗದ್ದೆಗಳಲ್ಲಿ ಮುಂದೆ ಬೇರೆ ರೂಪದಲ್ಲಿ ಏಳಲಿತ್ತು.

ಹಿಡಿ ಎಂಬ ಧಾತುವಿಗೆ ಈ ಅಳತೆಗೋಲನ್ನು ಇಟ್ಟು ನೋಡಿದರೆ ಸ್ವಾರಸ್ಯ ಕಾಣುತ್ತದೆ. ‘ಪೊಲೀಸರು ಕಳ್ಳನನ್ನು ಹಿಡಿದರು’ ಎಂಬಲ್ಲಿ ಲೆಕ್ಕ ಸರಿಯಾಗಿದೆ. ಓಡಿದವರು ಪೊಲೀಸರು, ಸಿಕ್ಕಿಬಿದ್ದವನು ಕಳ್ಳ. ‘ಕಬ್ಬಿಣಕ್ಕೆ ತುಕ್ಕು ಹಿಡಿಯಿತು’ ಎಂಬಲ್ಲಿ ತುಕ್ಕು ಏನು ಮಾಡಿತು? ‘ಮಳೆ ಹಿಡಿಯಿತು’ ಎಂಬಲ್ಲಿ ಹಿಡಿಸಿಕೊಂಡದ್ದು ಯಾವುದು? ‘ನನಗೆ ಹಿಡಿಸಿತು’ ಎಂದಾಗ ಮೆಚ್ಚಿದವನು ಕರ್ತೃಸ್ಥಾನ ಬಿಟ್ಟು ಚತುರ್ಥಿಯಲ್ಲಿ ಕೂತಿರುತ್ತಾನೆ. ತಮಿಳಿನಲ್ಲಿ ಮೆಚ್ಚುಗೆಗೆ ಬಳಸುವುದು ಇದೇ ಧಾತುವಿನ ‘ಪಿಡಿಕ್ಕುಂ’ ಎಂಬ ರೂಪವನ್ನು. ಹಳಗನ್ನಡದಲ್ಲಿಯೂ ಇದು ‘ಪಿಡಿ’ಯೇ, ಪಕಾರ ಹಕಾರವಾದದ್ದು ಆಮೇಲೆ. ಹೆಣ್ಣಾನೆಗೂ ಹಳಗನ್ನಡದಲ್ಲಿ ‘ಪಿಡಿ’ ಎಂಬ ಹೆಸರಿದೆ. ನಿಘಂಟು ಹಿಡಿದು ಕಾವ್ಯ ಓದುವ ಹೊಸಬ ಕೈಗೆ ಸಿಕ್ಕಿದ್ದು ಮುಷ್ಟಿಯೋ ಆನೆಯೋ ಎಂದು ನಿಲ್ಲಬೇಕಾಗುತ್ತದೆ.

ಇಂಥ ಹೊಸಬರು 19ನೇ ಶತಮಾನದಲ್ಲಿ ದಂಡಾಗಿ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕನ್ನಡ ಕರಾವಳಿ ಕಂಪನಿಯ ಕೈಸೇರಿತು. ಅಲ್ಲಿ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಕಂದಾಯದ ಮೂಲ ಹುಡುಕಿ ಹೊರಟಾಗ ಎದುರಾದದ್ದು ಕೆಳದಿ ಅರಸರ ಕಾಲದ ಲೆಕ್ಕಗಳು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯ ಹುಟ್ಟುವಳಿ ನೋಡಿ ಗೊತ್ತುಮಾಡಿದ ಕಂದಾಯಕ್ಕೆ ‘ಶಿಸ್ತು’ ಎಂದು ಹೆಸರು. ಇಂದು ಶಾಲೆಯ ಮಕ್ಕಳಿಗೆ ‘ಶಿಸ್ತು ಬೇಕು’ ಎಂದು ಗದರಿಸುವ ಮೇಷ್ಟರು ಕಂದಾಯ ಕೇಳುತ್ತಿಲ್ಲ. ಆದರೆ 1800ರ ಸುಮಾರಿಗೆ ಈ ಸೀಮೆಗೆ ಬಂದ ಅಧಿಕಾರಿಗೆ ಈ ಮಾತನ್ನು ತಪ್ಪಾಗಿ ತಿಳಿಯುವುದೆಂದರೆ ಊರಿಗೆ ಊರೇ ತಪ್ಪು ತೆರಿಗೆ ಕಟ್ಟುವುದು ಎಂದರ್ಥ.

ಆದ್ದರಿಂದ ವ್ಯಾಕರಣಗಳು ಬೇಕಾದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಿಂದ ಬಂತು. ಮದರಾಸಿನ ಅಧಿಕಾರಿ ಜಾನ್ ಮೆಕೆರಲನದು 1820ರಲ್ಲಿ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ‘ಹೊಸಗನ್ನಡ ನುಡಿಗನ್ನಡಿ’ ಬರೆದದ್ದು 1838ರಲ್ಲಿ. 1859ರಲ್ಲಿ ಥಾಮಸ್ ಹಾಡ್ಸನ್ನನ ವ್ಯಾಕರಣ ಬಂತು. ಇವೆಲ್ಲ ಕ್ರಿಯಾಪದದ ರೂಪಗಳನ್ನು ಕಲಿಸಬಲ್ಲವು. ಹಿಡಿಯುತ್ತಾನೆ, ಹಿಡಿದನು, ಹಿಡಿಯುವನು ಎಂಬುದನ್ನು ವಾರದಲ್ಲಿ ಬಾಯಿಪಾಠ ಮಾಡಬಹುದು. ಆದರೆ ‘ಅಂದಿನಿಂದ ಹಿಡಿದು ಇಂದಿನವರೆಗೆ’ ಎಂಬಲ್ಲಿ ಯಾರೂ ಏನನ್ನೂ ಹಿಡಿದಿಲ್ಲ ಎಂಬುದನ್ನು ಯಾವ ಕೋಷ್ಟಕ ತಾನೇ ಹೇಳೀತು?

ಇದನ್ನು ಸರಿಯಾಗಿ ಅರಿತವನು ಫರ್ಡಿನಾಂಡ್ ಕಿಟೆಲ್ ಎನ್ನಬೇಕು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಈ ಜರ್ಮನ್ ಪಾದ್ರಿ ಮೊದಲು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿ 1872ರಲ್ಲಿ ಅಚ್ಚುಮಾಡಿಸಿದ. 13ನೇ ಶತಮಾನದ ಕೇಶಿರಾಜ ಧಾತುಗಳಿಗೇ ಒಂದು ಪ್ರಕರಣ ಮೀಸಲಿಟ್ಟು, ಧಾತುಪಾಠವನ್ನೂ ಕೊಟ್ಟವನು. ಕಿಟೆಲನ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಹೊರಬಂದಾಗ ಅದರಲ್ಲಿ ಸುಮಾರು 70,000 ಶಬ್ದಗಳಿದ್ದವು. ಕಾವ್ಯದ ಪ್ರಯೋಗದ ಪಕ್ಕದಲ್ಲಿಯೇ ಜನರ ಬಾಯಿಯ ಗಾದೆಯನ್ನೂ ಅವನು ಇಟ್ಟ. ಮಾತಿನ ಅರ್ಥವಿರುವುದು ಇನ್ನೊಂದು ಭಾಷೆಯ ಸಮಾನಪದದಲ್ಲಲ್ಲ, ಬಳಕೆಯಲ್ಲಿ ಎಂಬ ತಿಳಿವಳಿಕೆ ಅದರ ಹಿಂದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂದಾಗ ಪ್ರಯೋಗಗಳ ಈ ರಾಶಿ ಇನ್ನಷ್ಟು ಬೆಳೆಯಿತು.

ನಿಘಂಟಿನಿಂದ ಹೊರಗೆ ಬಂದು ಗದ್ದೆಯ ಬದುವಿನ ಮೇಲೆ ನಿಂತರೆ ಹಿಡಿ ಎಂಬುದು ಹಿಡುವಳಿಯಾಗುತ್ತದೆ. ಒಬ್ಬನ ಕೈಯಲ್ಲಿರುವ ಜಮೀನು ಅವನ ಹಿಡುವಳಿ. ಆದರೆ ಕೈಯಲ್ಲಿರುವುದು ಎಂದರೇನು? ಇಲ್ಲಿ ಸ್ಪಾನಿಷ್ ಭಾಷಿಕನನ್ನು ಕಾಡಿದ ‘ಹೋಲ್ಡ್’ ಮತ್ತೆ ಎದುರಾಗುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆ ಭೂಮಿಯನ್ನು ‘ಹೋಲ್ಡ್’ ಮಾಡುವುದಕ್ಕೆ ಕೊಡುವ ಅರ್ಥ ಕಾನೂನುಬದ್ಧವಾದ ಸ್ವಾಧೀನ. ಆ ಸ್ವಾಧೀನ ವಾಸ್ತವದಲ್ಲಿ ಇರಲಿ, ಇಲ್ಲದಿರಲಿ. ಅಂದರೆ ನೇಗಿಲ ಮೇಣಿಯನ್ನು ಒಮ್ಮೆಯೂ ಹಿಡಿಯದವನು ಭೂಮಿಯನ್ನು ಹಿಡಿದಿರಬಹುದು.

ಈ ಒಗಟು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಬಹಳ ಮೊದಲೇ ಬೀದಿಗೆ ಬಂದಿತ್ತು. ಅಲ್ಲಿ ಜಗಳ ಎದ್ದದ್ದು ಕೊಳಗದ ಮೇಲೆ. ಗೇಣಿಯ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ಎಷ್ಟು ಸೇರು ಹಿಡಿಯಬೇಕು? ದೊಡ್ಡ ಕೊಳಗದಲ್ಲಿ ಅಳೆದುಕೊಟ್ಟು ಬೇಸತ್ತ ಗೇಣಿದಾರರು 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಅವರಲ್ಲಿ ಹೆಚ್ಚಿನವರು ದೀವರು. ಮುಂದೆ ನಿಂತವರು ಎಚ್. ಗಣಪತಿಯಪ್ಪ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಉತ್ತು ಬಿತ್ತುವ ವ್ಯಾಪಾರ ಒಬ್ಬನಲ್ಲಿ, ಫಲ ಇನ್ನೊಬ್ಬನ ಕಣಜದಲ್ಲಿ! ಕೌಂಡಭಟ್ಟನ ವಿವರಣೆಯನ್ನು ಕೇಳಿಯೂ ಅರಿಯದ ಜನ ಅದನ್ನು ತಮ್ಮ ಮಾತಿನಲ್ಲಿಯೇ ಕೇಳಿದರು.

ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಬಂದಾಗ ಲೆಕ್ಕಕ್ಕೆ ಹಿಡಿದ ದಿನ 1974ರ ಮಾರ್ಚ್ 1. ಅದಕ್ಕೆ ಮುಂಚೆ ಗೇಣಿದಾರರು ಹಿಡಿದಿದ್ದ ಅಥವಾ ಅವರ ಸ್ವಾಧೀನದಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಅವರಿಗೇ ಮರಳಿ ಸಿಗುವಂತಾಯಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿಯೂ ಉಳಿದ ಕಡೆಗಳಲ್ಲಿಯೂ ಗೇಣಿದಾರರು ‘ಫಾರಂ ನಂಬರ್ 7’ ತುಂಬಿ ಭೂನ್ಯಾಯ ಮಂಡಳಿಗಳ ಮುಂದೆ ನಿಂತರು. ಗೇಣಿಯ ರಸೀದಿ ಕಂಡವರು ಕಡಮೆ. ಆ ಗದ್ದೆಯಲ್ಲಿ ನೇಗಿಲು ಹಿಡಿದವನು ಯಾರು ಎಂಬುದಕ್ಕೆ ಎಷ್ಟೋ ಸಲ ಪಕ್ಕದ ಗದ್ದೆಯವನ ಮಾತೇ ಸಾಕ್ಷಿಯಾಗಬೇಕಾಯಿತು.