ಸೂರಿಲ್ಲದ ಕಾರು ಮತ್ತು ಹೊಟ್ಟೆಯಡಿಯ ಪಟ್ಟಿ

ತೆರೆದ ಸ್ಪೋರ್ಟ್ಸ್ ಕಾರೊಂದನ್ನು ಲಿಫ್ಟಿಗೇರಿಸಿ ಕೆಳಗಿನಿಂದ ನೋಡಿದರೆ ಓರೆಯಾಗಿ ಬಿಗಿದ ಕೆಲವು ಲೋಹದ ಪಟ್ಟಿಗಳು ಕಾಣುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಬ್ರೇಸ್ ಎನ್ನುತ್ತಾರೆ. ರಸ್ತೆಯುಬ್ಬಿಗೆ ತಾಗಿ ಇಂಥದೊಂದು ಸೊಟ್ಟಗಾದರೆ ಏನು ಮಾಡಬೇಕು? ಬಡಿದು ನೆಟ್ಟಗೆ ಮಾಡಿದರೆ ಸಾಕೇ, ಹೊಸದನ್ನೇ ತರಿಸಬೇಕೇ? ಥಾಣೆಯಿಂದ ಕಲ್ಯಾಣದವರೆಗಿನ ಗ್ಯಾರೇಜುಗಳಲ್ಲಿ ಮಳೆಗಾಲದ ಹೊತ್ತಿಗೆ ಏಳುವ ಈ ಪ್ರಶ್ನೆಗೆ ಒಂದು ಶತಮಾನದ ಹಿನ್ನೆಲೆಯಿದೆ.

ಮೊದಮೊದಲ ಕಾರುಗಳು ಒಂದರ್ಥದಲ್ಲಿ ಎತ್ತಿನಗಾಡಿಯ ನೆಂಟರು. ಕೆಳಗೆ ಗಟ್ಟಿ ಉಕ್ಕಿನ ಚೌಕಟ್ಟು, ಅಂದರೆ ಚಾಸಿ. ಅದರ ಮೇಲೆ ಕೂರಿಸಿದ ಒಡಲು. ಭಾರವನ್ನೆಲ್ಲ ಹೊರುತ್ತಿದ್ದುದು ಚಾಸಿಯೇ. 1922ರಲ್ಲಿ ಇಟಲಿಯ ಲ್ಯಾನ್ಸಿಯಾ ಕಂಪನಿಯ ಲ್ಯಾಂಬ್ಡಾ ಈ ಕ್ರಮವನ್ನು ಮುರಿಯಿತು. ಅದಕ್ಕೆ ಬೇರೆ ಚಾಸಿ ಇರಲಿಲ್ಲ. ಹಡಗಿನ ಒಡಲಿನ ಹಾಗೆ ಎತ್ತರದ ಪಕ್ಕೆಗಳೇ ಭಾರ ಹೊತ್ತವು. 1934ರ ಸಿಟ್ರೊಯೆನ್ ಟ್ರಾಕ್ಸಿಯೋಂ ಅವಾಂ ಇದೇ ಹಾದಿಯನ್ನು ಜನಸಾಮಾನ್ಯರ ಕಾರಿಗೂ ತಂದಿತು.

ನಮ್ಮ ಕಡೆಗೆ ಈ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದ್ದು ಫಿಯಟ್. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, ಕುರ್ಲಾದಲ್ಲಿ ಫಿಯಟ್ 1100 ಅನ್ನು ತಯಾರಿಸಿತು. ಮುಂದೆ ಅದೇ ಪ್ರೀಮಿಯರ್ ಪದ್ಮಿನಿಯಾಗಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಯಿತು. 1990ರ ದಶಕದಲ್ಲಿ ಇದೇ ಕಂಪನಿ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ 309 ಕಾರನ್ನು ಕಲ್ಯಾಣ-ಡೊಂಬಿವಲಿಯ ಕಾರ್ಖಾನೆಯಲ್ಲಿ ಜೋಡಿಸಿತು. ಆ ಪಾಲುದಾರಿಕೆ ಹೆಚ್ಚು ಕಾಲ ಬಾಳಲಿಲ್ಲ.

ಪದ್ಮಿನಿಗೂ ಬೇರೆ ಚಾಸಿ ಇರಲಿಲ್ಲ. ಆದರೆ ಅದಕ್ಕೆ ಸೂರು ಇತ್ತು. ಉಪ್ಪುಗಾಳಿಗೆ, ಮಳೆನೀರಿಗೆ ತಳ ತುಕ್ಕು ಹಿಡಿದರೆ ಮೇಸ್ತ್ರಿ ಅಷ್ಟನ್ನು ಕತ್ತರಿಸಿ ತೇಪೆ ಬೆಸೆಯುತ್ತಿದ್ದ, ಟ್ಯಾಕ್ಸಿ ಮತ್ತೆ ಬಾಡಿಗೆಗೆ ಹೋಗುತ್ತಿತ್ತು. 2023ರ ಅಕ್ಟೋಬರ್ ಕೊನೆಗೆ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ನಿವೃತ್ತವಾಯಿತು. ತೇಪೆ ಹಾಕುವ ರೂಢಿ ನಿವೃತ್ತವಾಗಲಿಲ್ಲ.

ಆ ರೂಢಿ ಸೋಲುವುದು ತೆರೆದ ಕಾರಿನ ಕೆಳಗೆ. ಒಂದು ಚಪ್ಪಲಿ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಮುಚ್ಚಳ ಅಂಟಿಸಿ ತಿರುಚಿ ನೋಡಿ, ಸುಲಭಕ್ಕೆ ಜಗ್ಗುವುದಿಲ್ಲ. ಮುಚ್ಚಳ ಕಿತ್ತು ತಿರುಚಿ, ಮೂಲೆಗಳು ಅತ್ತಿತ್ತ ಹೋಗುತ್ತವೆ. ಸೂರು ತೆಗೆದ ಕಾರಿಗೆ ಆಗುವುದೂ ಇದೇ. ಕಳೆದುಹೋದ ಬಿಗಿತವನ್ನು ತಳದಲ್ಲಿ ಮರಳಿ ಗಳಿಸಬೇಕು. ಮರದ ಗೇಟಿಗೆ ಬಡಗಿ ಓರೆಪಟ್ಟಿ ಹೊಡೆದ ಕೂಡಲೇ ಚೌಕ ಎರಡು ತ್ರಿಕೋನವಾಗಿ ಗೇಟು ಜೋಲುವುದು ನಿಲ್ಲುತ್ತದಲ್ಲ, ಬ್ರೇಸ್ ಮಾಡುವುದೂ ಅದೇ ಕೆಲಸ.

ಇನ್ನು ಪೆಟ್ಟು ಬೀಳುವ ಬಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕಿತ್ತು. ಅದರ ಬಾಗು 17 ಮೀಟರ್ ತ್ರಿಜ್ಯದ್ದಾಗಿರಬೇಕಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಇರುವ ಕಾರು ಇದರ ಮೇಲೆ ನಿಂತಾಗ, ಚಕ್ರಗಳೂ ಉಬ್ಬಿನ ಮೇಲೆಯೇ ಇರುವುದರಿಂದ, ಹೊಟ್ಟೆಯಡಿಗೆ ಏರಿಬರುವ ದಿಣ್ಣೆ ಸುಮಾರು 4 ಸೆಂಟಿಮೀಟರ್ ಮಾತ್ರ. 12 ಸೆಂಟಿಮೀಟರ್ ನೆಲದಂತರವಿರುವ ಕಾರೂ ಆರಾಮವಾಗಿ ದಾಟುತ್ತದೆ. ಆದರೆ ಸೊಸೈಟಿಯ ಗೇಟಿನ ಮುಂದೆ, ಒಳರಸ್ತೆಯಲ್ಲಿ, ಅಳತೆಯಿಲ್ಲದೆ ಹಾಕಿದ ಉಬ್ಬು ಗೇಣಗಲ ಇದ್ದರೆ ಅದರ ಪೂರ್ತಿ ಎತ್ತರ ಎರಡು ಚಕ್ರಗಳ ನಡುವೆ ಬರುತ್ತದೆ. ಮೊದಲು ತಾಗುವುದು ತಳದ ಪಟ್ಟಿಗೇ.

ಸೊಟ್ಟಗಾದ ಪಟ್ಟಿಗೆ ಸುತ್ತಿಗೆ ಯಾಕೆ ಸಲ್ಲದು ಎನ್ನುವುದಕ್ಕೆ ಮೋಟಾರು ವಾಹನಗಳೇ ಇಲ್ಲದ ಕಾಲದ ಗಣಿತವೊಂದು ಸಾಕ್ಷಿ. ನೆಟ್ಟಗಿನ ಸರಳು ಎರಡೂ ತುದಿಗಳಿಂದ ಬೀಳುವ ಎಷ್ಟು ಒತ್ತಡವನ್ನು ತಾಳಿ ಆಮೇಲೆ ಬಾಗುತ್ತದೆ ಎಂಬ ಲೆಕ್ಕವನ್ನು ಲೆಯೊನಾರ್ಡ್ ಆಯ್ಲರ್ 1744ರಲ್ಲಿ ಕೊಟ್ಟ. ಅದು ನೆಟ್ಟಗಿನ ಸರಳಿನ ಲೆಕ್ಕ. ಸ್ವಲ್ಪವೇ ಬಾಗಿರುವ ಸರಳು ಒತ್ತಡ ಬಿದ್ದಾಗ ಮೊದಲಿನಿಂದಲೇ ಇನ್ನಷ್ಟು ಬಾಗುತ್ತ ಹೋಗುತ್ತದೆ. ಬಡಿದರೆ ಕಣ್ಣಿಗೆ ನೆಟ್ಟಗಾದೀತು, ಆದರೆ ಮಡಿಕೆ ಬಿದ್ದ ಜಾಗದಲ್ಲಿ ಸೀಳು ಹುಟ್ಟಬಹುದು. ಪಟ್ಟಿ ಅಲ್ಯೂಮಿನಿಯಂನದಾಗಿದ್ದು ಬೆಂಕಿ ಹಿಡಿದರೆ ಕಾಸಿದ ಭಾಗ ಮೆತ್ತಗಾಗಿ ಹಾಗೇ ಉಳಿಯುತ್ತದೆ.

ಹಾಗಾಗಿ ಬದಲಾಯಿಸುವುದೇ ಸರಿ. ಹೊಸ ಪಟ್ಟಿ ಬರುವವರೆಗೆ ಹಳೆಯದನ್ನು ಕಳಚಿ ಓಡಿಸುವುದೂ ಸಲ್ಲದು. ಕೆಲಸಕ್ಕೆ ಕೂತಾಗ ಪಟ್ಟಿಗಿಂತ ಮೊದಲು ಅದು ಕೂರುವ ಜಾಗ ನೋಡಬೇಕು: ಬೋಲ್ಟಿನ ಮರೆ ಸವೆದಿದೆಯೇ, ತಗಡು ಒಳಗೆ ಒತ್ತಿಕೊಂಡಿದೆಯೇ, ಪಕ್ಕದ ಬ್ರೇಕ್ ಕೊಳವೆಗೆ ಪೆಟ್ಟಾಗಿದೆಯೇ. ಹೊಸ ಪಟ್ಟಿಯ ತೂತುಗಳು ಬಲವಂತವಿಲ್ಲದೆ ಕೂಡದಿದ್ದರೆ ಒಡಲೇ ತಿರುಚಿರಬಹುದು. ತೂತು ಕೊರೆದು ಹಿಗ್ಗಿಸಿದರೆ ಆ ಸುಳಿವೇ ಅಳಿಸಿಹೋಗುತ್ತದೆ. ಕೈಪಿಡಿ ಹೊಸ ಬೋಲ್ಟ್ ಕೇಳಿದರೆ ಹೊಸದನ್ನೇ ಹಾಕಿ, ಅಳತೆಯ ಸ್ಪ್ಯಾನರಿನಲ್ಲಿ ಹೇಳಿದಷ್ಟೇ ಬಿಗಿಯಬೇಕು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ನೋಡಿಸಬೇಕು.

ಅನುವಾದಕಿಯಾದ ನನಗೆ ಕುತೂಹಲ ಹುಟ್ಟಿಸುವುದು ಇಲ್ಲಿನ ಎರಡು ಪದಗಳು. ಚಾಸಿಯ ಬೇರು ಪೆಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ. ಬ್ರೇಸ್‌ನ ಬೇರು ತೋಳು ಎಂಬ ಅರ್ಥದ್ದು. ನಾವು ಅದನ್ನು ಪಟ್ಟಿ ಎಂದು ಕರೆದಾಗ ಅದು ತಗಡಿನ ತುಂಡಾಗಿ ಕಾಣುತ್ತದೆ, ಬಡಿದರಾಯಿತು ಅನಿಸುತ್ತದೆ. ತೋಳು ಎಂದು ನೆನಪಿಟ್ಟರೆ, ಸೂರಿಲ್ಲದ ಆ ಪೆಟ್ಟಿಗೆಯನ್ನು ತಬ್ಬಿ ಹಿಡಿದಿರುವುದು ಅದೇ ಎಂಬುದು ಬಿಲ್ಲು ನೋಡುವ ಮೊದಲೇ ತಿಳಿಯುತ್ತದೆ.