ದಿನಕ್ಕೊಂದು ರೂಪಾಯಿಯ ಚರಿತ್ರೆ



ಕಳೆದ ಕ್ರಿಸ್ಮಸ್‌ಗೆ ನಮ್ಮ ಯುವಕೂಟ ಹಣ ಕೂಡಿಸಿ ಒಬ್ಬ ವಿಧವೆ ತಾಯಿಗೆ ಹೊಲಿಗೆ ಯಂತ್ರ ಕೊಟ್ಟದ್ದು ನಿಮಗೆ ನೆನಪಿರಬಹುದು. ಫೋಟೊ ತೆಗೆದೆವು, ಚಪ್ಪಾಳೆ ತಟ್ಟಿದೆವು. ಮಳೆಗಾಲದಲ್ಲಿ ಅವರ ಮಗಳಿಗೆ ಜ್ವರ ಬಂತು, ಔಷಧಿಯ ಖರ್ಚಿಗೆ ಯಂತ್ರ ಅಡವಿಗೆ ಹೋಯಿತು. ಅದು ತಿರುಗಿ ಬರಲಿಲ್ಲ. ತಪ್ಪು ಆ ತಾಯಿಯದಲ್ಲ. ಕಷ್ಟದ ದಿನ ಕೈಗೆ ಸಿಗುವ ಸಣ್ಣ ಹಣದ ಬಗ್ಗೆ ನಾವು ಯೋಚಿಸಿರಲಿಲ್ಲ.

ಆದರೆ ನಮ್ಮ ಸುತ್ತಲಿನ ಹೆಂಗಸರು ಇದನ್ನು ಯಾವಾಗಲೋ ಯೋಚಿಸಿದ್ದರು. ಆ ಕಥೆ ಮೊದಲು ಕರ್ನಾಟಕದಲ್ಲಿ ಶುರುವಾಗುತ್ತದೆ.

1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಒದಗಿಸಲು ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. 1984-85ರ ಹೊತ್ತಿಗೆ ಅವುಗಳಲ್ಲಿ ಹಲವು ಒಡೆದವು. ಸಾಲ ಪಡೆದ ಬಡವರು ಸಣ್ಣ ಗುಂಪುಗಳಾಗಿ ಬಂದು, ಹಣವನ್ನು ಸಂಘಕ್ಕಲ್ಲ, ಮೈರಾಡಕ್ಕೆ ತೀರಿಸುತ್ತೇವೆ ಎಂದರು. ನಮಗೇಕೆ, ನಿಮ್ಮ ಗುಂಪಿನೊಳಗೇ ಒಬ್ಬರಿಗೊಬ್ಬರು ತೀರಿಸಿಕೊಳ್ಳಿ ಎಂಬ ಸಲಹೆ ಬಂತು. ಸ್ವಸಹಾಯ ಗುಂಪಿನ ಬೇರು ಇಲ್ಲಿದೆ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ಆರಂಭಿಸಿತು.

ಅದೇ ಕಾಲಕ್ಕೆ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಬಂದ ಹೆಂಗಸರು ರೋಸಮ್ಮನವರ ಜೊತೆ ಸಾರಾಯಿ ಅಂಗಡಿಯ ವಿರುದ್ಧ ನಿಂತರು. ಚಳವಳಿ ಜಿಲ್ಲೆಯಿಂದ ರಾಜ್ಯಕ್ಕೆ ಹಬ್ಬಿ, 1993ರ ಅಕ್ಟೋಬರ್‌ನಲ್ಲಿ ಸಾರಾಯಿ ನಿಷೇಧವಾಯಿತು. ಹೀಗೆ ಉಳಿದ ಹಣ ಮತ್ತೆ ಪೋಲಾಗಬಾರದೆಂದು ಹೆಂಗಸರು ದಿನಕ್ಕೆ ಒಂದು ರೂಪಾಯಿ ಕೂಡಿಡತೊಡಗಿದರು. ಅದಕ್ಕೆ 'ಪೊದುಪುಲಕ್ಷ್ಮಿ' ಎಂಬ ಹೆಸರು ಬಂತು. ಪೊದುಪು ಎಂದರೆ ತೆಲುಗಿನಲ್ಲಿ ಉಳಿತಾಯ.

1990ರ ದಶಕದ ಮಧ್ಯದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಇದೇ ದಾರಿ ಮೂರು ಜಿಲ್ಲೆಗಳಿಗೆ ಬಂತು: ಅನಂತಪುರ, ಕರ್ನೂಲು ಮತ್ತು ಆಗ ನಮ್ಮ ಅಲಂಪುರವಿದ್ದ ಮಹಬೂಬ್‌ನಗರ. ತುಂಗಭದ್ರೆ ದಾಟಿ ಕರ್ನೂಲಿನಾಚೆ ಹೋದರೆ ಓರ್ವಕಲ್ಲು ಸಿಗುತ್ತದೆ. ಅಲ್ಲಿ ಈ ಗುಂಪುಗಳು ಸೇರಿ ಮಂಡಲ ಒಕ್ಕೂಟ ಕಟ್ಟಿಕೊಂಡವು. ಆ ಒಕ್ಕೂಟ ಮಕ್ಕಳಿಗಾಗಿ ಶಾಲೆಯನ್ನೇ ನಡೆಸಿತು.

ಲೆಕ್ಕ ನೋಡಿ. 12 ಮಂದಿ ದಿನಕ್ಕೊಂದು ರೂಪಾಯಿ ಹಾಕಿದರೆ ವರ್ಷಕ್ಕೆ 4,380 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಜ್ವರದ ದಿನ ಯಂತ್ರ ಅಡವಿಗೆ ಹೋಗದಿರಲು ಅಷ್ಟು ಸಾಕಿತ್ತು.

ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ. 2010ರಲ್ಲಿ ಮೈಕ್ರೋಫೈನಾನ್ಸ್ ಸಾಲದ ಹೊರೆ, ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ಸುದ್ದಿ ರಾಜ್ಯವನ್ನೇ ನಡುಗಿಸಿತು. ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಗುಂಪಿನ ಹೆಸರಿನಲ್ಲೇ ಸಾಲ ಬಂದಿತ್ತು, ಆದರೆ ಹಣವೂ ನಿಯಮವೂ ಹೆಂಗಸರದಾಗಿರಲಿಲ್ಲ. ಸ್ವಂತ ಉಳಿತಾಯಕ್ಕೂ ಹೊರಗಿನ ಸಾಲಕ್ಕೂ ಇರುವ ವ್ಯತ್ಯಾಸ ಇದೇ.

ವಿಧವೆಯೊಬ್ಬಳು ಸಾಲಗಾರರ ಕಾಟ ತಾಳದೆ ಪ್ರವಾದಿ ಎಲೀಷನ ಬಳಿ ಬಂದಾಗ, ಅವನು ಕೇಳಿದ್ದು ಅವಳ ಮನೆಯಲ್ಲಿ ಏನಿದೆ ಎಂದು. ಅವಳಲ್ಲಿದ್ದ ಸ್ವಲ್ಪ ಎಣ್ಣೆಯಿಂದಲೇ ಅವಳ ಸಾಲ ತೀರಿತು. ನಾವು ಮಾತ್ರ ಆ ತಾಯಿಯನ್ನು ಏನೂ ಕೇಳದೆ ಯಂತ್ರ ತಂದುಕೊಟ್ಟಿದ್ದೆವು.

ಈ ಸಲ ಕೇಳೋಣ. ನಮ್ಮ ಧರ್ಮಕೇಂದ್ರದ ತಾಯಂದಿರು ಗುಂಪು ಕಟ್ಟಲು ಒಪ್ಪಿದರೆ, ಅವರು ಹಾಕುವ ಪ್ರತಿ ರೂಪಾಯಿಗೆ ಯುವಕೂಟ ಒಂದು ವರ್ಷ ಇನ್ನೊಂದು ರೂಪಾಯಿ ಸೇರಿಸಲಿ. ಬ್ಯಾಂಕ್ ಖಾತೆಯಲ್ಲಿ ಸಹಿ ಅವರದೇ ಇರಲಿ, ನಮ್ಮದು ಬೇಡ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಅಂಚೆ ಕಚೇರಿಯಲ್ಲಿ 250 ರೂಪಾಯಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ಅದನ್ನೂ ಮಾಡೋಣ.

ಭಾನುವಾರ ಪೂಜೆಯ ನಂತರ ಸೇರೋಣ. ನಿಮ್ಮ ಅಮ್ಮಂದಿರನ್ನೂ ಕರೆತನ್ನಿ, ಅವರೇ ಮೊದಲು ಮಾತಾಡಲಿ.