ಪಾದಸಿದ್ಧತೆ (ತೆಂಕುತಿಟ್ಟು ಯಕ್ಷಗಾನ)

ಕುಣಿತಕ್ಕಾಗಿ ಬೆರಳು, ಅಂಗಾಲು, ಹರಡು ಮತ್ತು ಮೀನಖಂಡಗಳನ್ನು ಬಲಪಡಿಸುವ ಅಭ್ಯಾಸ. ಬೆಳ್ತಂಗಡಿ ತಾಲೂಕು ತೆಂಕುತಿಟ್ಟಿನ ಮುಖ್ಯ ನೆಲೆ. ಧರ್ಮಸ್ಥಳ ಮೇಳವೂ ಯಕ್ಷಗಾನ ಕಲಿಸುವ ಧರ್ಮಸ್ಥಳದ ಲಲಿತಕಲಾ ಕೇಂದ್ರವೂ ಇಲ್ಲಿಯವೇ. ಕೇಂದ್ರದಲ್ಲಿ ಹೆಜ್ಜೆ ಕಲಿಸಿದ ಗುರುಗಳಲ್ಲಿ ಪಡ್ರೆ ಚಂದು ಪ್ರಮುಖರು.

ಬ್ಯಾಲೆ ನರ್ತಕಿ ಗಟ್ಟಿ ಮುಂತುದಿಯ ಪಾದರಕ್ಷೆಯ ಆಸರೆಯಲ್ಲಿ ಬೆರಳ ತುದಿಯ ಮೇಲೆ ನಿಲ್ಲುತ್ತಾಳೆ. ಯಕ್ಷಗಾನದ ವೇಷಧಾರಿಗೆ ಪಾದರಕ್ಷೆಯ ಆಸರೆಯಿಲ್ಲ. ಕಾಲಿಗೆ ಗೆಜ್ಜೆ, ಮೈಮೇಲೆ ವೇಷಭೂಷಣದ ಭಾರ, ಮೇಲಾಗಿ ದಿಗಿಣ: ಗಾಳಿಯಲ್ಲಿ ತಿರುಗಿ ಮತ್ತೆ ನೆಲಕ್ಕಿಳಿಯುವ ಜಿಗಿತ. ಪುತ್ತೂರು ಶ್ರೀಧರ ಭಂಡಾರಿಯವರು ಪುಂಡುವೇಷಗಳಲ್ಲಿ, ಅಂದರೆ ತರುಣ ವೀರರ ಪಾತ್ರಗಳಲ್ಲಿ, ಒಂದರ ಹಿಂದೊಂದು ದಿಗಿಣ ಹಾಕಿ ಹೆಸರಾದವರು.

ನೋಡುಗರ ಕಣ್ಣು ಜಿಗಿತದ ಎತ್ತರದ ಮೇಲಿರುತ್ತದೆ. ಪಾದದ ನಿಜವಾದ ಪರೀಕ್ಷೆ ಇಳಿಯುವಾಗ. ಮೊದಲು ತುದಿಗಾಲು ನೆಲ ಮುಟ್ಟಬೇಕು, ಹಿಮ್ಮಡಿ ಆಮೇಲೆ. ಆಗ ಮಂಡಿ ಮಡಿಸಿರಬೇಕು, ಹರಡು ಒಳಕ್ಕಾಗಲಿ ಹೊರಕ್ಕಾಗಲಿ ವಾಲಬಾರದು. ಹಿಮ್ಮಡಿಯೇ ಮೊದಲು ಬಡಿದರೆ ಪೆಟ್ಟು ನೇರ ಮಂಡಿಗೂ ಸೊಂಟಕ್ಕೂ ಏರುತ್ತದೆ. ಆದ್ದರಿಂದ ಬಾಯಿತಾಳಕ್ಕೆ ನಿಧಾನಗತಿಯಲ್ಲಿ ಹೆಜ್ಜೆ ಗಟ್ಟಿಯಾದ ಮೇಲೆಯೇ ದಿಗಿಣ ಕಲಿಸುವುದು ಸರಿಯಾದ ಕ್ರಮ. ಅವಸರ ಮಾಡಿಸುವುದು ಮಕ್ಕಳ ಕಾಲಿಗೆ ಮಾಡುವ ಅನ್ಯಾಯ.

ಪೂರಕ ವ್ಯಾಯಾಮಗಳು ಸರಳ. ಗೋಡೆ ಹಿಡಿದು ಹಿಮ್ಮಡಿ ಎತ್ತಿ, ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸುವುದು, ನೆಲಕ್ಕೆ ಹಾಸಿದ ಬೈರಾಸನ್ನು ಬೆರಳುಗಳಿಂದಲೇ ಮುದುರಿ ಎಳೆದುಕೊಳ್ಳುವುದು, ಒಂಟಿಕಾಲಲ್ಲಿ ನಿಲ್ಲುವುದು. ನೋವು ಒಂದೇ ಜಾಗದಲ್ಲಿ ಉಳಿದರೆ ಕುಣಿತ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ತುಳುನಾಡಿನಲ್ಲಿ ಬೇಸಗೆಯ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದ ಮೇಲಿನ ಮಳೆಗಾಲ ಕಲಾವಿದರ ಪಾದಗಳಿಗೆ ವಿಶ್ರಾಂತಿಯ ಕಾಲ.